ವುಳೂವಿನ ನೀರಿಗೂ ಲೆಕ್ಕ ಉಂಟು

ಪರಿಸರ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜೂನ್ 5. ಆ ದಿನ ಪಳ್ಳಿಯ ಅಂಗಳದಲ್ಲಿ, ಮದ್ರಸದ ಬದಿಯಲ್ಲಿ ಒಂದೆರಡು ಗಿಡ ನೆಡುವುದು, ಕಮಿಟಿಯವರು ಸಾಲಾಗಿ ನಿಂತು ಫೋಟೋ ತೆಗೆಯುವುದು, ಸಂಜೆಗೆ ಅದು ಎಲ್ಲರ ಸ್ಟೇಟಸ್‌ನಲ್ಲಿ ಬರುವುದು. ಗಿಡ ನೆಡುವುದು ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ವರ್ಷಕ್ಕೆ ಒಂದು ದಿನ ನೆನಪು ಮಾಡಿ ಬಿಡುವ ವಿಷಯವಾ? ನೀರು ಮುಟ್ಟದೆ ನಮಾಝಿಗೆ ನಿಲ್ಲಲು ಆಗದ ಜನ ನಾವು. ನೀರು ಸಿಗದಿದ್ದರೆ ಶುದ್ಧ ಮಣ್ಣಿನಲ್ಲಿ ತಯಮ್ಮುಮ್ ಮಾಡಬೇಕು. ಸೂರ್ಯ ವಾಲಿದ್ದನ್ನು ನೋಡಿ ಳುಹರ್, ಚಂದ್ರ ಕಂಡದ್ದನ್ನು ಕೇಳಿ ನೋಂಬು. ನಮ್ಮ ಇಬಾದತ್ ಪೂರ್ತಿ ನೀರು, ಮಣ್ಣು, ಸೂರ್ಯ, ಚಂದ್ರನ ಜೊತೆಯೇ ನಡೆಯುವುದು. ಹಾಗಿರುವಾಗ ಪ್ರಕೃತಿಯ ಜೊತೆಗಿನ ಸಂಬಂಧವನ್ನು ನಾವು ಎಲ್ಲಿಂದಲೋ ಹೊಸದಾಗಿ ತರಬೇಕಾಗಿಲ್ಲ. ಅದು ಪಳ್ಳಿಯ ನಲ್ಲಿಯ ಹತ್ತಿರವೇ ಉಂಟು. ಅಲ್ಲಿಂದಲೇ ಸರಿ ಮಾಡಿಕೊಂಡು ಬರಬೇಕು ಅಂತ ಈ ವಾರ ನಮಗೆ ಹೇಳಲಿಕ್ಕಿದೆ.

ಕರಾವಳಿಯಿಂದ ಬಂದು ಉತ್ತರ ಕರ್ನಾಟಕದ ಮದ್ರಸಗಳಲ್ಲಿ ಕಲಿಸುವ ಉಸ್ತಾದರು ಈಗ ಸುಮಾರು ಜನ ಇದ್ದೇವೆ. ನಾವಿರುವುದು ಯಾದಗಿರಿ ತಾಲೂಕಿನ ಹತ್ತಿಕುಣಿ ಕಡೆ. ಇಲ್ಲಿ ಗುಡ್ಡಗಳ ನಡುವೆ ಒಂದು ಜಲಾಶಯ ಉಂಟು, ಮಧ್ಯಮ ನೀರಾವರಿ ಯೋಜನೆಯದ್ದು. ಯಾದಗಿರಿ ಜಿಲ್ಲೆ ಅಂದರೆ ಕೃಷ್ಣಾ, ಭೀಮಾ ಎರಡು ದೊಡ್ಡ ನದಿಗಳು ಹರಿಯುವ ಜಿಲ್ಲೆ. ಶಹಾಪುರ, ಸುರಪುರದ ಹೊಲಗಳಿಗೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬರ್ತದೆ. ಹತ್ತಿಕುಣಿಗೆ ಆ ಭಾಗ್ಯ ಇಲ್ಲ. ಸುತ್ತಲಿನ ಗುಡ್ಡದ ಮೇಲೆ ಬಿದ್ದ ಮಳೆ ಹಳ್ಳವಾಗಿ ಇಳಿದು ಬಂದರೆ ಮಾತ್ರ ಜಲಾಶಯ ತುಂಬುವುದು. ತುಂಬಿದ ವರ್ಷ ಹಿಂಗಾರಿಗೆ ಕಾಲುವೆಯಲ್ಲಿ ನೀರು ಬಿಡ್ತಾರೆ, ಶೇಂಗಾ, ಜೋಳ ಆಗ್ತದೆ. ತುಂಬದ ವರ್ಷ ಇಲ್ಲ. ಎಷ್ಟು ನೀರು ಉಂಟು, ಯಾವಾಗ ಬಿಡುವುದು, ಎಷ್ಟು ದಿನ ಬಿಡುವುದು ಅಂತ ಅಧಿಕಾರಿಗಳು, ರೈತರು ಕೂತು ಮಾತಾಡಿ ತೀರ್ಮಾನ ಮಾಡ್ತಾರೆ. ನೀರನ್ನು ಹೀಗೆ ಕೂತು ಲೆಕ್ಕ ಮಾಡುವುದು ನಮ್ಮ ಕರಾವಳಿಯವರಿಗೆ ಅಭ್ಯಾಸ ಇಲ್ಲದ ವಿಷಯ.

ಈಗ ಎರಡೂ ಕಡೆಯ ಮಳೆಯ ಲೆಕ್ಕ ನೋಡುವಾ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಯಾದಗಿರಿಯಲ್ಲಿ 700ರಿಂದ 800ರ ಆಸುಪಾಸು. 1,000 ಚದರ ಅಡಿಯ ಒಂದು ಮನೆಯ ಮಾಡು ಅಂತ ಇಟ್ಟುಕೊಳ್ಳಿ. ಯಾದಗಿರಿಯಲ್ಲಿ ಆ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 65,000 ಲೀಟರ್. ಅದೇ ಮಾಡು ಬಂಟ್ವಾಳದಲ್ಲೋ ಉಳ್ಳಾಲದಲ್ಲೋ ಇದ್ದರೆ 3 ಲಕ್ಷ 25 ಸಾವಿರ ಲೀಟರ್. ಅಲ್ಲಾಹನು ಐದು ಪಾಲು ಹೆಚ್ಚು ಕೊಟ್ಟಿದ್ದಾನೆ. ಆದರೂ ಮಾರ್ಚ್ ಕಳೆಯುವಾಗ ನಮ್ಮ ಎಷ್ಟು ಬಾವಿಗಳಲ್ಲಿ ಬಕೆಟ್ ತಳಕ್ಕೆ ತಾಗ್ತದೆ? 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಕೆಳಗೆ ಹೋಗಿ ಮಂಗಳೂರು ನಗರಕ್ಕೆ ರೇಷನ್ ಲೆಕ್ಕದಲ್ಲಿ ನೀರು ಬಿಟ್ಟದ್ದು ಯಾರೂ ಮರೆತಿರಲಿಕ್ಕಿಲ್ಲ. ಫ್ಲಾಟಿನಲ್ಲಿ ಇರುವವರು ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸುಸ್ತಾದ ದಿನಗಳವು.

ಮಳೆ ಬಂದದ್ದು ಸುಳ್ಳಲ್ಲ. ನಿಲ್ಲಲು ಜಾಗ ಇರಲಿಲ್ಲ, ಅಷ್ಟೇ. ಮೊದಲು ಮನೆಯ ಸುತ್ತ ಮಣ್ಣಿನ ಅಂಗಳ ಇತ್ತು, ತೆಂಗಿನ ಬುಡದಲ್ಲಿ ಕಟ್ಟೆ ಇತ್ತು, ಗುಡ್ಡದಲ್ಲಿ ಮರ ಇತ್ತು, ಬೈಲಿನಲ್ಲಿ ಗದ್ದೆ ಇತ್ತು. ಗದ್ದೆಯಲ್ಲಿ ನಾಲ್ಕು ತಿಂಗಳು ನೀರು ನಿಂತರೆ ಅದರ ಕೆಳಗಿನ ಬಾವಿಗಳಿಗೆ ಬೇಸಿಗೆಯಲ್ಲಿ ಅದೇ ಆಧಾರ. ಈಗ ಗದ್ದೆಗೆ ಮಣ್ಣು ತುಂಬಿ ಸೈಟ್ ಆಯಿತು, ಗುಡ್ಡ ಜೆಸಿಬಿಯಲ್ಲಿ ಸಪಾಟಾಯಿತು, ಅಂಗಳಕ್ಕೆ ಗೇಟಿನವರೆಗೂ ಇಂಟರ್‌ಲಾಕ್ ಬಂತು. ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಚರಂಡಿಗೆ, ಅಲ್ಲಿಂದ ಹೊಳೆಗೆ, ಅಲ್ಲಿಂದ ಕಡಲಿಗೆ. ಬಾವಿ ಬತ್ತಿತು ಅಂತ ಬೋರ್‌ವೆಲ್, ಬೋರ್ ಬತ್ತಿತು ಅಂತ ಇನ್ನೂ ಆಳಕ್ಕೆ. ನೀರು ಭೂಮಿಯ ಆಳಕ್ಕೆ ಇಳಿದು ಹೋದರೆ ನಿಮಗೆ ಹರಿಯುವ ನೀರು ತಂದು ಕೊಡುವವರು ಯಾರು ಅಂತ ಸೂರಾ ಮುಲ್ಕಿನ ಕೊನೆಯಲ್ಲಿ ಅಲ್ಲಾಹನು ಕೇಳುವ ಪ್ರಶ್ನೆ ಉಂಟಲ್ಲ, ನಮ್ಮ ಮನೆಗಳಲ್ಲಿ ಹೆಚ್ಚಿನವರು ಮಲಗುವ ಮೊದಲು ಓದುವ ಸೂರಾ ಅದು. ಬಾಯಿಪಾಠ ಇರುವ ಮಕ್ಕಳೂ ಎಷ್ಟೋ ಇದ್ದಾರೆ. ಆ ಪ್ರಶ್ನೆ ನಮ್ಮ ಬೋರ್‌ವೆಲ್ಲಿಗೂ ಸೇರಿದ್ದು ಅಂತ ಅರ್ಥ ಮಾಡಿಸುವುದು ಉಸ್ತಾದರಾದ ನಮ್ಮ ಕೆಲಸ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆ ಇಂಟರ್‌ಲಾಕ್ ಹಾಕಲಿಕ್ಕೆ, ಪಾಯ ತೋಡಲಿಕ್ಕೆ, ಕಾಂಕ್ರೀಟ್ ಹೊರಲಿಕ್ಕೆ ಮಂಗಳೂರಿಗೆ ಬರುವ ಕೂಲಿ ಕೆಲಸದವರಲ್ಲಿ ಎಷ್ಟೋ ಮಂದಿ ಈ ಯಾದಗಿರಿ, ರಾಯಚೂರು ಕಡೆಯವರೇ. ಇಲ್ಲಿ ಇದಕ್ಕೆ ಗುಳೆ ಹೋಗುವುದು ಅಂತ ಹೇಳ್ತಾರೆ. ಮಳೆ ಕೈಕೊಟ್ಟರೆ, ಹೊಲದಲ್ಲಿ ಕೆಲಸ ಇಲ್ಲದಿದ್ದರೆ, ಮನೆಗೆ ಬೀಗ ಹಾಕಿ ಮಕ್ಕಳನ್ನು ಕಟ್ಟಿಕೊಂಡು ಹೊರಡ್ತಾರೆ. ಮದ್ರಸಕ್ಕೆ, ಶಾಲೆಗೆ ಬರುವ ಮಕ್ಕಳ ಸಂಖ್ಯೆಯೂ ಆಗ ಕಡಿಮೆ ಆಗ್ತದೆ. ನೀರಿಲ್ಲದ ಊರಿನ ಮನುಷ್ಯ ನೀರಿರುವ ನಮ್ಮ ಊರಿಗೆ ಬಂದು, ನಮ್ಮ ನೀರು ಇಂಗುವ ಮಣ್ಣಿಗೆ ಕಲ್ಲು ಹಾಸಿ ಹೋಗ್ತಾನೆ. ಅವನದ್ದು ಹೊಟ್ಟೆಪಾಡು. ಹಾಸಲು ಹೇಳಿದವರು ಮನೆಯ ಯಜಮಾನರು.

ದೀನ್ ಇದರ ಬಗ್ಗೆ ಎಂತ ಹೇಳ್ತದೆ? ನಾವು ಭೂಮಿಯ ಮಾಲಕರಲ್ಲ, ಖಲೀಫರು, ಅಂದರೆ ಒಡೆಯನ ಪರವಾಗಿ ನೋಡಿಕೊಳ್ಳುವವರು. ಬಾಡಿಗೆ ಮನೆಯಲ್ಲಿ ಇರುವವರು ಗೋಡೆ ಒಡೆಯಲಿಕ್ಕೆ ಹಕ್ಕಿಲ್ಲ. ಆಕಾಶವನ್ನು ಎತ್ತಿ ಮೀಝಾನ್, ಅಂದರೆ ತಕ್ಕಡಿ, ಇಟ್ಟಿದ್ದೇನೆ, ಅದನ್ನು ಮೀರಬೇಡಿ ಅನ್ನುವ ಅರ್ಥ ಸೂರಾ ರಹ್ಮಾನಿನಲ್ಲಿ ಬರ್ತದೆ. ನೆಲದ ಮೇಲಿನ ಪ್ರಾಣಿಗಳೂ ರೆಕ್ಕೆ ಬಡಿಯುವ ಹಕ್ಕಿಗಳೂ ನಿಮ್ಮ ಹಾಗೆಯೇ ಒಂದೊಂದು ಉಮ್ಮತ್ ಅಂತ ಸೂರಾ ಅನ್‌ಆಮ್ ಕಲಿಸ್ತದೆ. ಏಳು ಆಕಾಶ, ಭೂಮಿ, ಅದರಲ್ಲಿರುವ ಪ್ರತಿಯೊಂದೂ ತಸ್ಬೀಹ್ ಹೇಳುತ್ತಿರ್ತದೆ, ನಮಗೆ ಅದು ಅರ್ಥ ಆಗುವುದಿಲ್ಲ ಅಷ್ಟೇ ಅಂತ ಸೂರಾ ಇಸ್ರಾಅ್‌ನಲ್ಲಿ ಉಂಟು. ಇದನ್ನು ನಂಬುವವರು ಒಂದು ಮರ ಕಡಿಯುವಾಗ, ಒಂದು ಹೊಳೆಗೆ ಕಸ ಎಸೆಯುವಾಗ ಒಮ್ಮೆ ಕೈ ತಡೆಯಬೇಕಲ್ಲವಾ? ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕೊಟ್ಟವರಿಗೆ ಪಾಪ ಕ್ಷಮಿಸಲ್ಪಟ್ಟದ್ದು, ಬೆಕ್ಕನ್ನು ಕಟ್ಟಿಹಾಕಿ ಕೊಂದ ಹೆಂಗಸು ನರಕಕ್ಕೆ ಹೋದದ್ದು, ಎರಡೂ ಹದೀಸ್ ಮದ್ರಸದ ಮಕ್ಕಳಿಗೆ ಗೊತ್ತು. ಕಥೆಯಾಗಿ ಮಾತ್ರ ಗೊತ್ತಾದರೆ ಸಾಲದು.

ಈಗ ನಲ್ಲಿಯ ವಿಷಯಕ್ಕೆ ಬರುವಾ. ನೆಬಿ ಸಲ್ಲಲ್ಲಾಹು ಅಲೈಹಿ ವಸಲ್ಲಮರು ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡ್ತಿದ್ದರು. ಮುದ್ದ್ ಅಂದರೆ ಎರಡು ಕೈ ಸೇರಿಸಿದ ಬೊಗಸೆಯಷ್ಟು, ಹೆಚ್ಚುಕಡಿಮೆ ಮುಕ್ಕಾಲು ಲೀಟರ್. ಒಂದು ಸಾಅ್, ಅಂದರೆ ನಾಲ್ಕು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸ್ತಿದ್ದರು. ಹರಿಯುವ ನದಿಯ ದಡದಲ್ಲಿ ಕೂತಿದ್ದರೂ ವುಳೂವಿನಲ್ಲಿ ನೀರು ಪೋಲು ಮಾಡಬಾರದು ಅಂತ ಹದೀಸಿನಲ್ಲಿ ಕಲಿಸಿದ್ದಾರೆ. ಕೆಲವರು ಇದನ್ನು ಮರುಭೂಮಿಯ ಕಾನೂನು, ನಮಗೆ ನೀರು ಉಂಟಲ್ಲ ಅಂತ ಹೇಳುವುದುಂಟು. ಮರುಭೂಮಿಯ ಕಾನೂನು ಆಗಿದ್ದರೆ ನದಿಯ ದಡದ ಮಾತು ಯಾಕೆ ಬರಬೇಕು? ನೀರು ಕಡಿಮೆ ಅಂತ ಅಲ್ಲ, ನೀರು ಅಮಾನತ್ ಅಂತ ಆ ಮಿತಿ.

ನಮ್ಮ ದರ್ಸ್‌ಗಳಲ್ಲಿ ಓದುವ ಫತ್‌ಹುಲ್ ಮುಈನ್ ಗೊತ್ತಿಲ್ಲದವರು ಇಲ್ಲ. 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ಶಾಫಿಈ ಫಿಕ್‌ಹ್ ಗ್ರಂಥ. ಅವರೂ ನಮ್ಮ ಹಾಗೆ ಮಳೆನಾಡಿನವರೇ, ಅರಬಿ ಕಡಲ ಬದಿಯವರೇ. ವುಳೂವಿನಲ್ಲಿ ಮೂರು ಸಲಕ್ಕಿಂತ ಹೆಚ್ಚು ತೊಳೆಯುವುದು ಕರಾಹತ್ ಅಂತ ಹೇಳಿ, ವುಳೂಗೆ ಅಂತ ವಕ್ಫ್ ಮಾಡಿದ ನೀರಿನಲ್ಲಾದರೆ ಅದು ಹರಾಮ್ ಅಂತ ಅವರು ಅದರಲ್ಲಿ ಬರೆದಿದ್ದಾರೆ. ಪಳ್ಳಿಯ ಹೌಲಿನ ನೀರು, ಟ್ಯಾಂಕಿನ ನೀರು ಯಾರದ್ದು? ವಕ್ಫಿನದ್ದು. ಮನೆಯ ನಲ್ಲಿಯಲ್ಲಿ ಅನವಶ್ಯಕ ಸುರಿದರೆ ಕೆಟ್ಟ ಅಭ್ಯಾಸ, ಪಳ್ಳಿಯ ನಲ್ಲಿಯಲ್ಲಿ ಸುರಿದರೆ ಅದಕ್ಕಿಂತ ದೊಡ್ಡ ಪ್ರಶ್ನೆ. ಪಳ್ಳಿಯ ಹಣದ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಜನರಲ್ ಬಾಡಿಯಲ್ಲಿ ಎದ್ದು ನಿಂತು ಕೇಳುವವರು ನಾವು. ನೀರಿನ ಲೆಕ್ಕ ಯಾವ ಮೀಟಿಂಗಿನಲ್ಲಿ ಬಂದಿದೆ?

ಲೆಕ್ಕ ಮಾಡಲು ದೊಡ್ಡ ವಿದ್ಯೆ ಬೇಡ. ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ವುಳೂ ಮಾಡಿ ನೋಡಿ. ತಲೆ ಸವರುವಾಗ, ಕಾಲು ಎತ್ತಿ ಇಡುವಾಗ, ಬದಿಯವರಲ್ಲಿ ಮಾತಾಡುವಾಗ ನಲ್ಲಿ ಸುರಿಯುತ್ತಲೇ ಇರ್ತದೆ. ಒಬ್ಬರಿಂದ ಒಂದು ವುಳೂಗೆ 5 ಲೀಟರ್ ಸುಮ್ಮನೆ ಹೋಯಿತು ಅಂತ ಇಟ್ಟುಕೊಂಡರೆ, 100 ಜನ ಬರುವ ಪಳ್ಳಿಯಲ್ಲಿ ಐದು ವಕ್ತಿಗೆ 2,500 ಲೀಟರ್. ವರ್ಷಕ್ಕೆ 9 ಲಕ್ಷ ಲೀಟರ್ ದಾಟ್ತದೆ. ಜುಮಾದ ದಿನದ್ದು, ರಮಳಾನಿನದ್ದು ಬೇರೆ. ಹತ್ತಿಕುಣಿ ಕಡೆಯ ಪಳ್ಳಿಗಳಲ್ಲಿ ಬದನೆ ಎಂಬ ಮೂತಿ ಇರುವ ಪಾತ್ರೆಯಲ್ಲಿ ನೀರು ಹಿಡಿದು ವುಳೂ ಮಾಡುವವರನ್ನು ಈಗಲೂ ಕಾಣಬಹುದು. ಪಾತ್ರೆ ಖಾಲಿಯಾಯಿತು, ವುಳೂ ಮುಗಿಯಿತು. ನಮ್ಮಲ್ಲೂ ಮೊದಲು ಹೌಲಿನಿಂದ ಬೊಗಸೆಯಲ್ಲಿ ತೆಗೆದು ಮಾಡ್ತಿದ್ದರು. ನಲ್ಲಿ ಬಂದ ಮೇಲೆ ಅನುಕೂಲ ಆಯಿತು, ಅಳತೆ ಹೋಯಿತು.

ಹಾಗಂತ ನೀರು ಬಂದ ಕಡೆಯವರೆಲ್ಲ ಅಳತೆ ಕಲಿತಿದ್ದಾರೆ ಅಂತಲ್ಲ. ಕೃಷ್ಣಾ ಕಾಲುವೆ ಬಂದ ಕಡೆ ಭತ್ತಕ್ಕೆ ಮಿತಿ ಇಲ್ಲದೆ ನೀರು ನಿಲ್ಲಿಸಿ ಎಷ್ಟೋ ಹೊಲಗಳು ಜೌಗು ಹಿಡಿದು ಸವುಳಾಗಿವೆ. ಕಾಲುವೆಯ ಕೊನೆಯ ಹೊಲದವರಿಗೆ ಆ ನೀರು ಮುಟ್ಟುವುದೇ ಕಷ್ಟ. ಹೆಚ್ಚು ಕುಡಿದ ಹೊಲವೂ ಹಾಳು, ಸಿಗದ ಹೊಲವೂ ಹಾಳು. ಮೀಝಾನ್ ತಪ್ಪುವುದು ಅಂದರೆ ಇದೇ.

ಮರದ ವಿಷಯವೂ ಹೀಗೆಯೇ. ನಮ್ಮ ಮನೆಯಿಂದ ಹಜ್ಜಿಗೆ ಹೋದವರು ಇಹ್‌ರಾಮಿನಲ್ಲಿ ಬೇಟೆಯಾಡಬಾರದು, ಹರಮಿನ ಒಳಗೆ ತಾನಾಗಿ ಬೆಳೆದ ಗಿಡ ಮರ ಕಡಿಯಬಾರದು. ಇದನ್ನು ಎಷ್ಟು ಭಯದಿಂದ ಪಾಲಿಸ್ತಾರೆ! ಮದೀನಾಕ್ಕೂ ನೆಬಿಯವರು ಅಂತಹ ಹರಮ್ ಗುರುತಿಸಿದರು. ಹಿಮಾ ಎಂದು ಕೆಲವು ಹುಲ್ಲುಗಾವಲುಗಳನ್ನು ಸಾರ್ವಜನಿಕ ಉಪಯೋಗಕ್ಕೆ ಕಾದಿರಿಸುವ ಪದ್ಧತಿಯೂ ಇತ್ತು. ಅಲ್ಲಿಂದ ಹಾಜಿಯಾಗಿ ಬಂದ ಮನೆಗೆ ನೆಂಟರ ಕಾರು ನಿಲ್ಲಿಸಲು ಅಜ್ಜನ ಕಾಲದ ಹಲಸಿನ ಮರ ಬೀಳಿಸಿದರೆ ಹಜ್ಜಿನ ಪಾಠ ಎಲ್ಲಿಗೆ ಹೋಯಿತು? ತುಳುನಾಡಿನಲ್ಲಿ ನಮ್ಮ ನೆರೆಯವರು ನಾಗಬನ ಅಂತ ಬಿಟ್ಟ ಜಾಗದಲ್ಲಿ ಈಗಲೂ ದೊಡ್ಡ ಮರಗಳು ಉಂಟು. ಅವರ ನಂಬಿಕೆ ಅವರಿಗೆ. ನಮ್ಮ ಖಬರಸ್ತಾನಗಳಲ್ಲಿ ಮರ ಉಳಿಸಲು ನಮಗೆ ನಮ್ಮ ನಂಬಿಕೆಯೇ ಸಾಕು. ಒಬ್ಬರು ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಏನು ತಿಂದರೂ ಅದು ಸ್ವದಖ. ಕಿಯಾಮತ್ ಬಂದರೂ ಕೈಯಲ್ಲಿ ಸಸಿ ಇದ್ದರೆ ಅದನ್ನು ನೆಡಬೇಕು ಅಂತ ಕಲಿಸಿದ ದೀನ್ ಇದು.

ಹಿಂದಿನವರು ಇದನ್ನು ಚೆನ್ನಾಗಿ ಅರ್ಥ ಮಾಡಿದ್ದರು ಅಂತ ತೋರಿಸಲು ಈ ಉತ್ತರ ಕರ್ನಾಟಕದಲ್ಲೇ ಸಾಕ್ಷಿ ಉಂಟು. ಬೀದರಿನ ನೌಬಾದಿನಲ್ಲಿ 15ನೇ ಶತಮಾನದ ಬಹಮನಿ ಕಾಲದ ಕರೇಜ್ ಈಗಲೂ ನೋಡಬಹುದು. ನೆಲದ ಕೆಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯ ಹಾಗೆ ಕಿಂಡಿ ಇಟ್ಟು, ಪಂಪಿಲ್ಲದೆ ನೀರು ತಾನಾಗಿ ಹರಿದು ಬರುವ ಹಾಗೆ ಮಾಡಿದ್ದಾರೆ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ ಪೇಟೆಗೆ ನೀರು ತಂದ. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆ ಇವತ್ತು ಪಕ್ಷಿಧಾಮ. ಜನರಿಗೆ ಅಂತ ಕಟ್ಟಿದ ನೀರಿಗೆ ಹಕ್ಕಿಗಳೂ ಬಂದು ಪಾಲುದಾರರಾದವು.

ಇನ್ನು ಎರಡು ಆಕ್ಷೇಪ ಬರುವುದುಂಟು. ಮೊದಲನೆಯದ್ದು, ಈ ಪರಿಸರ ಅನ್ನುವುದೆಲ್ಲ ಪಾಶ್ಚಾತ್ಯರ ಮಾತು ಅಂತ. ಇರಾನ್ ಮೂಲದ ವಿದ್ವಾಂಸ ಸಯ್ಯಿದ್ ಹುಸೈನ್ ನಸ್ರ್ 1966ರಲ್ಲೇ ಶಿಕಾಗೋದಲ್ಲಿ ನಿಂತು, ಈ ಸಂಕಟಕ್ಕೆ ಬೇರು ಮನುಷ್ಯನ ಆತ್ಮದಲ್ಲಿ ಉಂಟು, ಸೃಷ್ಟಿಯನ್ನು ಬರೀ ಸಾಮಾನು ಅಂತ ನೋಡಿದ್ದೇ ಕಾರಣ ಎಂಬ ಅರ್ಥದಲ್ಲಿ ಉಪನ್ಯಾಸ ಕೊಟ್ಟಿದ್ದರು. ಇಂಡೋನೇಷ್ಯಾದ ಉಲಮಾ ಮಂಡಳಿ 2014ರಲ್ಲಿ ಅಳಿವಿನ ಅಂಚಿನ ಪ್ರಾಣಿಗಳ ಅಕ್ರಮ ಬೇಟೆ, ವ್ಯಾಪಾರ ಹರಾಮ್ ಅಂತ ಫತ್ವಾ ಕೊಟ್ಟಿತು. 2015ರಲ್ಲಿ ಇಸ್ತಾಂಬುಲಿನಲ್ಲಿ ಹವಾಮಾನದ ಬಗ್ಗೆ ಇಸ್ಲಾಮಿಕ್ ಘೋಷಣೆ ಬಂತು. 2024ರ ಫೆಬ್ರವರಿಯಲ್ಲಿ ನೈರೋಬಿಯಲ್ಲಿ ಅಲ್ ಮೀಝಾನ್ ಎಂಬ ಒಡಂಬಡಿಕೆ ಬಿಡುಗಡೆ ಆಯಿತು. ಹೊರಗಿನವರ ಮಾತು ಅಂತ ತಳ್ಳಿ ಹಾಕುವ ಹಾಗಿಲ್ಲ.

ಎರಡನೆಯದ್ದು ಗಟ್ಟಿ ಆಕ್ಷೇಪ. ಕಾರ್ಖಾನೆಯವರು, ಗಣಿಯವರು ಹೊಳೆಯನ್ನೇ ಕೆಡಿಸುವಾಗ ಬಡವನ ವುಳೂವಿನ ನೀರಿಗೆ ಯಾಕೆ ಲೆಕ್ಕ ಅಂತ. ಕೇಳುವುದು ನ್ಯಾಯವೇ. ಇಲ್ಲೇ ಶಹಾಪುರ ತಾಲೂಕಿನ ಗೋಗಿಯಲ್ಲಿ ಚಂದಾ ಹುಸೈನಿಯವರ ದರ್ಗಾ ಉಂಟು, ಆದಿಲ್ ಶಾಹಿಯ ಮೊದಲಿನ ಸುಲ್ತಾನರ ಖಬರ್ ಅಲ್ಲೇ ಇರುವುದು. ಅದೇ ಗೋಗಿಯ ನೆಲದಲ್ಲಿ ಯುರೇನಿಯಂ ಸಿಕ್ಕಿ, ಗಣಿಯ ಪ್ರಸ್ತಾಪ ಬಂದಾಗ ನೀರು, ಆರೋಗ್ಯ ಹಾಳಾಗ್ತದೆ ಅಂತ ಊರವರು ವಿರೋಧ ಮಾಡಿದರು. ಎತ್ತಿನಹೊಳೆಯ ವಿಷಯದಲ್ಲಿ ನೇತ್ರಾವತಿಗಾಗಿ ಕರಾವಳಿಯೂ ಬೀದಿಗೆ ಇಳಿದಿತ್ತು. ಈ ಪ್ರಶ್ನೆಗಳನ್ನು ಕೇಳಲೇಬೇಕು, ಸರಕಾರ ಉತ್ತರ ಕೊಡಲೇಬೇಕು. ನೀರು, ಹುಲ್ಲು, ಬೆಂಕಿ ಮೂರರಲ್ಲೂ ಜನರೆಲ್ಲ ಪಾಲುದಾರರು ಅಂತ ಹದೀಸ್ ಇರುವಾಗ ಯಾರೋ ಒಬ್ಬರು ಹೊಳೆಯನ್ನು ತಮ್ಮ ಚರಂಡಿ ಮಾಡಲು ಆಗುವುದಿಲ್ಲ. ಆದರೆ ನಮ್ಮ ಪಳ್ಳಿಯ ನಲ್ಲಿ ಸೋರುತ್ತಿರುವಾಗ, ಉಳ್ಹಿಯ್ಯತ್ತಿನ ತ್ಯಾಜ್ಯದ ಗೋಣಿ ಹೊಳೆಬದಿಗೆ ಹೋಗುತ್ತಿರುವಾಗ ಆ ಪ್ರಶ್ನೆಗೆ ಬಲ ಎಲ್ಲಿಂದ ಬರಬೇಕು?

ಹಾಗಾಗಿ ಜಮಾಅತ್ ಕಮಿಟಿಗಳ ಮುಂದೆ ನಾಲ್ಕು ವಿಷಯ ಇಡ್ತೇವೆ. ಒಂದು, ಪ್ರತಿ ಪಳ್ಳಿಯ ಮಾಡಿನ ಮಳೆನೀರು ಸೋಸಿ ಬಾವಿಗೋ ಇಂಗುಗುಂಡಿಗೋ ಹೋಗಲಿ. ವುಳೂವಿನ ನೀರಿನಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಅದನ್ನು ಚರಂಡಿಗೆ ಬಿಡದೆ ತೆಂಗಿಗೆ, ಬಾಳೆಗೆ ಬಿಡಬಹುದು. ಎರಡು, ಒತ್ತಿದರೆ ಸ್ವಲ್ಪ ಹೊತ್ತು ಬಂದು ನಿಲ್ಲುವ ನಲ್ಲಿ ಹಾಕಿಸಿ, ಅಷ್ಟು ಖರ್ಚು ಆಗದಿದ್ದರೆ ಮಗ್ಗಾದರೂ ಇಡಿ. ಮೂರು, ಖಬರಸ್ತಾನದ ಮರ ಕಡಿಯುವುದಾದರೆ ಕಮಿಟಿಯ ತೀರ್ಮಾನ ಬೇಕು, ಒಂದಕ್ಕೆ ಬದಲಾಗಿ ಹತ್ತು ನೆಟ್ಟು ಮೂರು ಬೇಸಿಗೆ ನೀರು ಹಾಕುವ ಜವಾಬ್ದಾರಿ ಒಬ್ಬರ ಹೆಸರಿಗೆ ಇರಬೇಕು. ನಾಲ್ಕು, ಹಬ್ಬದ ತ್ಯಾಜ್ಯ ಹೂಳಲು ಮೊಹಲ್ಲಾದಲ್ಲೇ ಮೊದಲೇ ಗುಂಡಿ ತೋಡಿಡುವುದು. ಖತೀಬರು ವರ್ಷಕ್ಕೆ ನಾಲ್ಕು ಜುಮಾ ಆದರೂ ಈ ವಿಷಯ ಎತ್ತಬೇಕು, ಅದರಲ್ಲಿ ಒಂದು ಮಾರ್ಚ್ ತಿಂಗಳಲ್ಲಿ.

ಮನೆಯ ಕೆಲಸ ಹೆಚ್ಚಾಗಿ ಉಮ್ಮಂದಿರ ಕೈಯಲ್ಲಿರುವುದು, ಮಕ್ಕಳು ಕಲಿಯುವುದೂ ಅಲ್ಲೇ. ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕುವುದು, ಹಕ್ಕಿಗೆ ತಟ್ಟೆಯಲ್ಲಿ ನೀರಿಡುವುದು ನಮ್ಮ ಅಜ್ಜಿಯಂದಿರಿಗೆ ಯಾರೂ ಕ್ಲಾಸ್ ಮಾಡಿ ಹೇಳಿಕೊಟ್ಟದ್ದಲ್ಲ. ಮದುವೆಯ ಹಾಲಿನಲ್ಲಿ ಅರ್ಧ ಕುಡಿದು ಬಿಟ್ಟ ಸಣ್ಣ ಬಾಟ್ಲಿಗಳ ರಾಶಿ ನೋಡುವಾಗ ಹೊಟ್ಟೆ ಉರಿಯಬೇಕು. ಮುಂದಿನ ಮದುವೆ ನಿಮ್ಮ ಮನೆಯದ್ದಾದರೆ ಲೋಟ, ಜಗ್ಗು ಇಡಿ. ಅಂಗಳಕ್ಕೆ ಇಂಟರ್‌ಲಾಕ್ ಬೇಕೇ ಬೇಕಾದರೆ ಕಾರಿನ ದಾರಿಗೆ ಮಾತ್ರ ಹಾಕಿ, ಉಳಿದದ್ದು ಮಣ್ಣಾಗಿಯೇ ಇರಲಿ.

ಮದ್ರಸದಲ್ಲಿ ಮಕ್ಕಳಿಗೆ ವುಳೂವಿನ ಫರ್ಳ್ ಆರು ಅಂತ ಬಾಯಿಪಾಠ ಮಾಡಿಸ್ತೇವೆ, ನೀರಿನ ಅಳತೆಯನ್ನೂ ಅದರ ಜೊತೆಯಲ್ಲೇ ಕಲಿಸಬೇಕು. ಒಂದು ಬಾಟ್ಲಿ ನೀರು ಕೊಟ್ಟು, ಇಷ್ಟರಲ್ಲಿ ವುಳೂ ಮುಗಿಸಿ ತೋರಿಸಿ ಅಂತ ಹೇಳಿದರೆ ಮಕ್ಕಳು ಆಟದ ಹಾಗೆ ಕಲಿಯುತ್ತಾರೆ. ಹತ್ತಿಕುಣಿಯ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ನೀರು ಹೊತ್ತು ತಂದ ಕೈಗೆ ನೀರಿನ ಬೆಲೆ ಗೊತ್ತು. ಕರಾವಳಿಯ ಮಕ್ಕಳಿಗೆ ಅದನ್ನು ಬಾವಿ ಬತ್ತುವ ಮೊದಲೇ ಕಲಿಸಬೇಕು. ಈ ಶುಕ್ರವಾರ ಜುಮಾ ಮುಗಿದ ಮೇಲೆ ಹತ್ತು ನಿಮಿಷ ನಿಂತು, ನಿಮ್ಮ ಪಳ್ಳಿಯಲ್ಲಿ ಎಷ್ಟು ನಲ್ಲಿ ಸೋರುತ್ತಿದೆ ಅಂತ ಎಣಿಸಿ ಕಮಿಟಿಯವರಿಗೆ ಹೇಳಿ. ಅಲ್ಲಾಹನು ಕೊಟ್ಟ ಅಮಾನತನ್ನು ಕಾಪಾಡುವ ತೌಫೀಕ್ ನಮಗೆಲ್ಲರಿಗೂ ಕೊಡಲಿ, ಆಮೀನ್.